ಸಿಲುಕಿದ ಕೊಳವೆಯೂ ಕಂಪನದ ಶಕ್ತಿಯೂ

ನೆಲದಲ್ಲಿ ಆಳವಾಗಿ ಹೂತ ಗೂಟವನ್ನು ಕೀಳಬೇಕಾದ ರೈತನು ಅದನ್ನು ಮೊದಲಿಗೇ ಮೇಲಕ್ಕೆ ಎಳೆಯಲು ಹೋಗುವುದಿಲ್ಲ. ಅತ್ತಿತ್ತ ಅಲುಗಾಡಿಸುತ್ತಾನೆ, ಬುಡಕ್ಕೆ ಒಂದು ಚೆಂಬು ನೀರು ಸುರಿಯುತ್ತಾನೆ, ಮತ್ತೆ ಅಲುಗಾಡಿಸಿ, ಗೂಟವು ಸಡಿಲಗೊಂಡಿತೆಂದು ಕೈಗೆ ತಿಳಿದ ಮೇಲೆಯೇ ಎತ್ತುತ್ತಾನೆ. ಬಲವನ್ನು ಒಂದೇ ಸಮನೆ ಪ್ರಯೋಗಿಸುವುದಕ್ಕಿಂತ, ಅದನ್ನು ಬಿಟ್ಟು ಬಿಟ್ಟು ಹಿಂದುಮುಂದಾಗಿ ಪ್ರಯೋಗಿಸುವುದು ಮೇಲೆಂಬ ಈ ತಿಳಿವಳಿಕೆಯನ್ನು ಅವನಿಗೆ ಯಾವ ಶಾಲೆಯೂ ಕಲಿಸಿಲ್ಲ. ಸಾವಿರಾರು ಅಡಿ ಆಳದ ತೈಲಬಾವಿಗಳಲ್ಲಿ ಉಕ್ಕಿನ ಕೊಳವೆಗಳು ಸಿಲುಕಿ ನಿಂತಾಗ ಇಂಜಿನಿಯರುಗಳು ಬಳಸುವ ಕಂಪನ ವಿಧಾನದ ತಿರುಳೂ ಇಷ್ಟೇ. ನಮ್ಮ ರಾಜ್ಯದಲ್ಲಿ ತೈಲಬಾವಿಗಳಿಲ್ಲ. ಆದರೆ ಕೊಳವೆ ಸಿಲುಕುವ ಸಂಕಟವೇನೆಂಬುದನ್ನು ಮಾಲೂರು ಸೀಮೆಯವರಿಗೆ ಯಾರೂ ವಿವರಿಸಿ ಹೇಳಬೇಕಾದುದಿಲ್ಲ.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಮಾಲೂರು ತಾಲ್ಲೂಕಿನಲ್ಲಿ ಹಾದುಹೋಗುವ ದಕ್ಷಿಣ ಪಿನಾಕಿನಿಯೂ ಬಹುಕಾಲ ಮರಳಿನ ಹಾದಿಯಾಗಿಯೇ ಇರುವುದು. ಆದುದರಿಂದಲೇ ಹಿಂದಿನವರು ಕೆರೆಗಳನ್ನು ಕಟ್ಟಿದರು. ಕೆರೆಯ ಕೆಳಗೆ ತೆರೆದ ಬಾವಿಗಳನ್ನು ತೋಡಿದರು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ತೆರೆದ ಬಾವಿಗಳು ಒಂದೊಂದಾಗಿ ಬತ್ತಿದುವು. ಆ ಹೊತ್ತಿಗೆ ಗಟ್ಟಿ ಬಂಡೆಯನ್ನು ಗಂಟೆಗಳ ಲೆಕ್ಕದಲ್ಲಿ ಕೊರೆಯಬಲ್ಲ ಯಂತ್ರವು ದೇಶಕ್ಕೆ ಬಂದಿತ್ತು. 1967ರಲ್ಲಿ ಬಿಹಾರದ ಕ್ಷಾಮದ ಸಂದರ್ಭದಲ್ಲಿ ಯುನಿಸೆಫ್ ಸಂಸ್ಥೆಯು ಇಂತಹ ಯಂತ್ರಗಳನ್ನು ತರಿಸಿಕೊಟ್ಟಿತು. ಅಲ್ಲಿಂದ ಮುಂದೆ ಕೊಳವೆಬಾವಿಯು ಬರಗಾಲದ ಉಪಾಯವೆಂಬ ಸ್ಥಾನದಿಂದ ನಿತ್ಯದ ಅನಿವಾರ್ಯವಾಗಿ ಪರಿಣಮಿಸಿದುದು ಎಲ್ಲರೂ ಬಲ್ಲ ಕಥೆ. ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ಜೋಡಿ ಲಾರಿಗಳು ನಮ್ಮ ಹಳ್ಳಿಯ ಮಕ್ಕಳಿಗೂ ಪರಿಚಿತ. ಮೊದಲು ಇನ್ನೂರು ಅಡಿಗೆ ಸಿಗುತ್ತಿದ್ದ ನೀರಿಗಾಗಿ ಈಗ ಸಾವಿರ ಅಡಿಯನ್ನು ದಾಟಿ, ಕೆಲವು ಕಡೆ ಸಾವಿರದ ಐನೂರು ಅಡಿಯವರೆಗೂ ಕೊರೆಯುವುದುಂಟು.

ಆಳ ಹೆಚ್ಚಿದಂತೆ ಎರಡು ಬಗೆಯ ಅಪಾಯ ಹೆಚ್ಚಿತು. ನೀರು ಸಿಗದೆ ಹೋಗುವುದು ಮೊದಲನೆಯದು. ಅದನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ನೀರು ಸಿಕ್ಕಿ, ಮೋಟಾರು ಇಳಿಸಿ, ಎರಡು ಮೂರು ವರ್ಷ ಬೆಳೆ ತೆಗೆದ ಮೇಲೆ, ಒಂದು ದಿನ ಮೋಟಾರು ಸುಟ್ಟಿತೆಂದು ಮೇಲಕ್ಕೆತ್ತಲು ಹೋದಾಗ ಅದು ಬಾರದಿರುವುದು ಎರಡನೆಯದು. ಇದನ್ನು ಕುರಿತು ಬರೆದವರು ಕಡಿಮೆ, ಅನುಭವಿಸಿದವರು ಬಹಳ. ಬಾವಿಯಲ್ಲಿ ನೀರಿದೆ, ಆದರೆ ಅದರ ಕಂಠದಲ್ಲಿ ಕಬ್ಬಿಣ ಸಿಕ್ಕಿಕೊಂಡಿದೆ. ಮೋಟಾರು ಹೋಯಿತು, ಪೈಪು ಹೋಯಿತು, ಕೇಬಲ್ಲು ಹೋಯಿತು. ಎಲ್ಲಕ್ಕಿಂತ ಮಿಗಿಲಾಗಿ ಸಾಲ ಮಾಡಿ ಕೊರೆಸಿದ ಬಾವಿಯೇ ಹೋಯಿತು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿರುವುದು ಸರಿಯಷ್ಟೆ. ಆ ನೀರಿನ ಗುಣವನ್ನು ಕುರಿತ ವಾದವು ಬೇರೆಯದು. ಅಂತಹ ಕೆರೆಗಳ ಸುತ್ತ ಒಣಗಿದ್ದ ಕೊಳವೆಬಾವಿಗಳು ಕೆಲವು ಮರುಜೀವ ಪಡೆದಿವೆ. ಒಳಗೆ ಕಬ್ಬಿಣ ಸಿಕ್ಕಿಸಿಕೊಂಡ ಬಾವಿಯ ಒಡೆಯನಿಗೆ ಮಾತ್ರ, ನೀರು ಮೇಲೇರಿದರೂ ಅದರ ಭಾಗ್ಯವಿಲ್ಲ.

ಸಿಲುಕುವುದಕ್ಕೆ ಕಾರಣಗಳೇನು? ನಮ್ಮ ನೆಲದ ರಚನೆಯನ್ನು ನೆನೆದರೆ ಉತ್ತರ ತಾನಾಗಿ ಹೊಳೆಯುತ್ತದೆ. ಮೇಲೆ ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲು, ಆಮೇಲೆ ಗಟ್ಟಿಯಾದ ನೈಸ್ ಮತ್ತು ಗ್ರಾನೈಟ್ ಬಂಡೆ. ಟೇಕಲ್ಲಿನ ಬೆಟ್ಟಗಳಲ್ಲಿ ಹೊರಗೆ ಕಾಣುವ ಕಲ್ಲೇ ತಾಲ್ಲೂಕಿನ ತಳದಲ್ಲೂ ಹಾಸಿದೆ. ಕೊರೆಯುವವರು ಮಣ್ಣು ಮತ್ತು ಶಿಥಿಲ ಕಲ್ಲಿರುವಷ್ಟು ಆಳಕ್ಕೆ ಮಾತ್ರ ಕೇಸಿಂಗ್ ಪೈಪನ್ನು ಇಳಿಸುತ್ತಾರೆ. ಅದರ ಕೆಳಗೆ ಸುಮಾರು ಆರೂವರೆ ಅಂಗುಲ ವ್ಯಾಸದ ಬರಿಯ ಬಂಡೆಯ ರಂಧ್ರ. ಕೇಸಿಂಗ್ ಒಂದೆರಡು ಅಡಿ ಕಡಿಮೆಯಾದರೂ ಅದರ ಬುಡದಿಂದ ಕಲ್ಲಿನ ಚೂರುಗಳು ಉದುರತೊಡಗುತ್ತವೆ. ಆಳದಲ್ಲಿ ಬಂಡೆ ಬಿರುಕು ಬಿಟ್ಟಿರುವೆಡೆಯಿಂದಲೂ ಚೂರು ಬೀಳಬಹುದು. ನೀರು ಸಿಗುವುದು ಆ ಬಿರುಕಿನಲ್ಲಿಯೇ ಆದುದರಿಂದ, ವರವೂ ಶಾಪವೂ ಒಂದೇ ತಾಣದಲ್ಲಿವೆ ಎನ್ನಬಹುದು. ಬಿದ್ದ ಚೂರು ಪಂಪಿನ ಹೆಗಲಿಗೂ ಬಂಡೆಯ ಗೋಡೆಗೂ ನಡುವೆ ಕುಳಿತರೆ ಅದು ಬೆಣೆಯಂತೆ ಕೆಲಸ ಮಾಡುವುದು. ಮೇಲಕ್ಕೆ ಎಳೆದಷ್ಟೂ ಬಿಗಿಯುವುದು. ಕ್ಲಿಪ್ಪು ಕಳಚಿದ ಕೇಬಲ್ಲು ಸುತ್ತಿಕೊಂಡು ಗಂಟಾಗುವುದು, ರಂಧ್ರವು ನೇರವಾಗಿರದೆ ವಾಲಿರುವುದು, ತುಕ್ಕು ಮತ್ತು ಸುಣ್ಣದ ಪೊರೆ ಬೆಳೆಯುವುದು, ಇವೂ ಕಾರಣಗಳೇ. ಕೊರೆಯುವಾಗಲೇ ರಾಡು ಸಿಲುಕುವುದುಂಟು. ಗಾಳಿಯ ರಭಸ ಕುಗ್ಗಿದೊಡನೆ ಮೇಲೆ ಬರುತ್ತಿದ್ದ ಕಲ್ಲಿನ ಪುಡಿಯು ಹಿಂದಿರುಗಿ ಬಂದು ಸುತ್ತಿಗೆಯ ತಲೆಯ ಮೇಲೆ ಕೂರುವುದು. ತೇವವಿರುವಲ್ಲಿ ಪುಡಿಯು ರಾಡಿನ ಸುತ್ತ ಹಿಟ್ಟಿನ ಉಂಡೆಯಂತೆ ಮೆತ್ತಿಕೊಳ್ಳುವುದು.

ತೈಲಬಾವಿಯಲ್ಲಿ ಇವೆಲ್ಲದರ ಜೊತೆಗೆ ಇನ್ನೊಂದು ಕಾರಣವಿದೆ. ಅದು ಮೊದಮೊದಲು ಯಾರಿಗೂ ಹೊಳೆದಿರಲಿಲ್ಲ. ಅಲ್ಲಿ ಗಾಳಿಯ ಬದಲಿಗೆ ಭಾರವಾದ ಕೆಸರುದ್ರವವನ್ನು ಒಳಗೆ ತುಂಬಿ ಕೊರೆಯುತ್ತಾರೆ. ಅದರ ಒತ್ತಡವು ಮರಳುಗಲ್ಲಿನ ಪದರದೊಳಗಿನ ಒತ್ತಡಕ್ಕಿಂತ ಹೆಚ್ಚಾಗಿರುವುದರಿಂದ, ನಿಶ್ಚಲವಾಗಿ ನಿಂತ ಕೊಳವೆಯನ್ನು ಅದು ಗೋಡೆಗೆ ಒತ್ತಿ ಹಿಡಿಯುತ್ತದೆ. 1957ರಲ್ಲಿ ಹೆಲ್ಮಿಕ್ ಮತ್ತು ಲಾಂಗ್ಲಿ ಎಂಬ ತಂತ್ರಜ್ಞರು ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು. ಲೆಕ್ಕ ಹಾಕಿ ನೋಡಿದರೆ ಬೆರಗಾಗುವುದು. ಒತ್ತಡದ ವ್ಯತ್ಯಾಸವು ಚದರ ಸೆಂಟಿಮೀಟರಿಗೆ 70 ಕಿಲೋಗ್ರಾಂ ಇದ್ದು, ಕೊಳವೆಯು 10 ಸೆಂಟಿಮೀಟರು ಅಗಲ, 10 ಮೀಟರು ಉದ್ದಕ್ಕೆ ಗೋಡೆಗೆ ಅಂಟಿದ್ದರೆ, ಅದನ್ನು ಒತ್ತಿ ಹಿಡಿದ ಬಲ 700 ಟನ್ನುಗಳಷ್ಟಾಗುತ್ತದೆ. ಘರ್ಷಣೆಯು ಇದರ ಐದನೆಯ ಒಂದು ಪಾಲೆಂದರೂ, ಬಿಡಿಸಿಕೊಳ್ಳಲು 140 ಟನ್ ಎಳೆಯಬೇಕು. ನಮ್ಮ ಕೊಳವೆಬಾವಿಗಳನ್ನು ಗಾಳಿಯಿಂದ ಕೊರೆಯುವುದರಿಂದ ಈ ಒಂದು ಪೀಡೆ ನಮಗಿಲ್ಲ.

ಹಳೆಯ ಪರಿಹಾರವೆಂದರೆ ಏಟು. ಅಮೆರಿಕದ ಕನಾವಾ ಕಣಿವೆಯಲ್ಲಿ ಉಪ್ಪುನೀರಿಗಾಗಿ ಬಾವಿ ಕೊರೆಯುತ್ತಿದ್ದ ವಿಲಿಯಂ ಮಾರಿಸ್ ಎಂಬಾತನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಸರಪಳಿಯ ಎರಡು ಕೊಂಡಿಗಳಂತೆ ಒಂದರೊಳಗೊಂದು ಜಾರುವ ಉಪಕರಣವೊಂದನ್ನು ರೂಪಿಸಿದನು. ಮೇಲಿನ ಕೊಂಡಿಯು ವೇಗದಿಂದ ಮೇಲೇರಿ ಕೆಳಗಿನದನ್ನು ಬಡಿದು ಎಳೆಯುವುದು. ಇದೇ ಇಂದಿನ ‘ಜಾರ್’ ಎಂಬ ಉಪಕರಣದ ಮೂಲ. ಪೇಟೆಂಟು ಪಡೆದಿದ್ದರೂ ಈ ಕುಶಲಕರ್ಮಿಯ ಹೆಸರು ತೈಲೋದ್ಯಮದವರಲ್ಲಿಯೂ ಅನೇಕರಿಗೆ ತಿಳಿಯದು. ಏಟಿನಿಂದ ಬಿಡುವುದು ಬಹಳ ಸಲ ಬಿಡುತ್ತದೆ. ಆದರೆ ಏಟಿನ ಬಲವು ಕ್ಷಣಮಾತ್ರದ್ದು. ಎರಡು ಏಟುಗಳ ನಡುವೆ ಕಲ್ಲಿನ ಚೂರು ಮತ್ತೆ ತನ್ನ ಸ್ಥಾನದಲ್ಲಿ ಕುಳಿತುಕೊಳ್ಳಲು ಬೇಕಾದಷ್ಟು ವ್ಯವಧಾನವಿರುತ್ತದೆ.

ಆ ವ್ಯವಧಾನವನ್ನು ಕೊಡದಿರುವುದೇ ಕಂಪನ ವಿಧಾನದ ವಿಶೇಷ. ಘನವಸ್ತು ಮತ್ತು ದ್ರವಗಳ ಮೂಲಕ ಅಲೆಗಳ ರೂಪದಲ್ಲಿ ಶಕ್ತಿಯನ್ನು ಸಾಗಿಸಬಹುದೆಂಬುದನ್ನು ರುಮೇನಿಯಾದ ಜಾರ್ಜ್ ಕಾನ್‌ಸ್ಟಾಂಟಿನೆಸ್ಕೊ 1918ರಲ್ಲಿಯೇ ಗ್ರಂಥರೂಪದಲ್ಲಿ ಪ್ರತಿಪಾದಿಸಿದ್ದನು. ಸೋವಿಯತ್ ಒಕ್ಕೂಟದಲ್ಲಿ ಡಿ. ಡಿ. ಬಾರ್ಕನ್ ಎಂಬ ವಿಜ್ಞಾನಿಯು ಕಂಪನದಿಂದ ತಳಪಾಯದ ಕಂಬಗಳನ್ನು ನೆಲಕ್ಕೆ ಇಳಿಸುವ ಬಗೆಯನ್ನು ಅಭ್ಯಸಿಸಿದನು. ಕ್ಯಾಲಿಫೋರ್ನಿಯಾದ ಆಲ್ಬರ್ಟ್ ಬೋಡಿನ್ ಎಂಬ ಸಂಶೋಧಕನು ಕೊಳವೆಯ ಸಹಜ ಕಂಪನವನ್ನೇ ಬಳಸಿಕೊಳ್ಳುವ ಯಂತ್ರಗಳನ್ನು ನಿರ್ಮಿಸಿದನು. ಸಿಲುಕಿದ ಕೊಳವೆಗಳನ್ನು ಬಿಡಿಸುವ ಮೇಲ್ಮೈ ಕಂಪಕ ಯಂತ್ರವು ಈ ವಂಶದ ಕುಡಿ.

ಯಂತ್ರದ ರಚನೆ ಸರಳ. ಮಧ್ಯಕ್ಕೆ ಸರಿಯಾಗಿರದ ಎರಡು ತೂಕದ ಗುಂಡುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತವೆ. ಅಡ್ಡಡ್ಡ ಬಲಗಳು ಪರಸ್ಪರ ಕಳೆದುಹೋಗಿ, ಮೇಲೆ–ಕೆಳಗಿನ ಬಲಗಳು ಮಾತ್ರ ಕೂಡಿಕೊಳ್ಳುತ್ತವೆ. ಒಟ್ಟು 50 ಕಿಲೋಗ್ರಾಂ ತೂಕವು 10 ಸೆಂಟಿಮೀಟರು ತ್ರಿಜ್ಯದಲ್ಲಿ ಸೆಕೆಂಡಿಗೆ 10 ಬಾರಿ ಸುತ್ತಿದರೆ ಹುಟ್ಟುವ ಬಲವು ಸುಮಾರು 2 ಟನ್. ಸೆಕೆಂಡಿಗೆ 20 ಬಾರಿ ಸುತ್ತಿದರೆ ಅದು 8 ಟನ್. ವೇಗವು ಎರಡರಷ್ಟಾದರೆ ಬಲವು ನಾಲ್ಕರಷ್ಟಾಗುತ್ತದೆ ಎಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರವನ್ನು ಮರೆಯದವರು ಒಪ್ಪುವರು. ಯಂತ್ರವನ್ನು ಕೊಳವೆಯ ತುದಿಗೆ ಬಿಗಿದು, ಇಡೀ ಸರಣಿಯನ್ನು ಮೇಲಕ್ಕೆ ಹದವಾಗಿ ಎಳೆದು ಹಿಡಿದು, ನಿಧಾನವಾಗಿ ವೇಗವನ್ನು ಏರಿಸುತ್ತಾರೆ.

ಇಲ್ಲಿ ಅನುರಣನದ ಮಾತು ಬರುತ್ತದೆ. ಉಯ್ಯಾಲೆಯನ್ನು ತೂಗುವವನು ಅದರ ಓಟಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ನೂಕೂ ದೊಡ್ಡ ಓಲಾಟವಾಗುವುದಲ್ಲವೆ? ಉಕ್ಕಿನ ಕೊಳವೆಗೂ ಅಂತಹ ತನ್ನದೇ ಆದ ಲಯವಿದೆ. ಉಕ್ಕಿನಲ್ಲಿ ಕಂಪನವು ಸೆಕೆಂಡಿಗೆ ಸುಮಾರು 5 ಕಿಲೋಮೀಟರು ವೇಗದಿಂದ ಸಾಗುತ್ತದೆ. ಕೊಳವೆಯು ಭೂಮಟ್ಟದಿಂದ 300 ಮೀಟರು, ಎಂದರೆ ನಮ್ಮ ಲೆಕ್ಕದ ಸಾವಿರ ಅಡಿಗೆ ತುಸು ಕಡಿಮೆ ಆಳದಲ್ಲಿ ಸಿಲುಕಿದೆ ಎನ್ನೋಣ. ತುದಿ ಸಡಿಲ, ಬುಡ ಭದ್ರವಾಗಿರುವ ಅಂತಹ ಕೊಳವೆಯ ಮೂಲ ಲಯವು ಸೆಕೆಂಡಿಗೆ 4ಕ್ಕಿಂತ ತುಸು ಹೆಚ್ಚು. ಅದರ ಮೂರರಷ್ಟಾದ 12.5, ಐದರಷ್ಟಾದ 21 ಎಂಬ ಸಂಖ್ಯೆಗಳಲ್ಲಿಯೂ ಅದು ಅನುರಣಿಸುತ್ತದೆ. ನಿಮಿಷಕ್ಕೆ 750 ಸುತ್ತು ತಿರುಗುವ ಸಾಧಾರಣ ಯಂತ್ರವೇ 12.5ನ್ನು ಒದಗಿಸಬಲ್ಲದು. ಸಿಲುಕಿದ ಬಿಂದುವಿನಲ್ಲಿ ಚಲನೆ ಇಲ್ಲದಿದ್ದರೂ, ಎಳೆತ ಮತ್ತು ಒತ್ತುವಿಕೆ ಅಲ್ಲಿಯೇ ಅತ್ಯಧಿಕ. ಬಲವು ಬೇಕಾದ ಜಾಗಕ್ಕೇ ಹೋಗಿ ಸೇರುವ ಇಂತಹ ಏರ್ಪಾಡು ಯಂತ್ರಶಾಸ್ತ್ರದಲ್ಲಿ ಅಪರೂಪ. ಸರಣಿಯು ಸ್ವಲ್ಪ ಸ್ವಲ್ಪವೇ ಬಿಡಿಸಿಕೊಂಡಂತೆ ಸಡಿಲವಾದ ಉದ್ದ ಹೆಚ್ಚುತ್ತದೆ, ಲಯ ಬದಲಾಗುತ್ತದೆ. ಯಂತ್ರ ನಡೆಸುವವನು ಅದನ್ನು ಗಮನಿಸಿ ವೇಗವನ್ನು ತಿದ್ದಿಕೊಳ್ಳಬೇಕು.

ಕಂಪನದಿಂದ ಆಗುವ ಪರಿಣಾಮಗಳಲ್ಲಿ ಎರಡನ್ನು ಬೇಗ ಹೇಳಿ ಮುಗಿಸಬಹುದು. ಕೊಳವೆಯು ಹಿಂದುಮುಂದಾಗಿ ಚಲಿಸುತ್ತಿರುವಾಗ ಘರ್ಷಣೆಯೂ ದಿಕ್ಕು ಬದಲಿಸುತ್ತಲೇ ಇರಬೇಕಾದುದರಿಂದ, ಮೇಲೆಳೆಯುವ ಬಲಕ್ಕೆ ಎದುರಾಗುವ ಅದರ ಸರಾಸರಿ ತಡೆಯು ಬಹಳವಾಗಿ ಕುಗ್ಗುತ್ತದೆ. ಕೊಳವೆಯು ಎಳೆದಾಗ ತೆಳುವಾಗಿ, ಒತ್ತಿದಾಗ ದಪ್ಪವಾಗುತ್ತದೆ. ಈ ವ್ಯತ್ಯಾಸವು ಎರಡಂಗುಲದ ಪೈಪಿನಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾದರೂ, ಅಂಟಿಕೊಂಡ ಪೊರೆಯನ್ನು ಬಿರುಕುಗೊಳಿಸಿ ನೀರಿಗೆ ದಾರಿ ಮಾಡಿಕೊಡುವುದಕ್ಕೆ ಅಷ್ಟೂ ಉಪಯೋಗವೇ. ಮೂರನೆಯದು ಮುಖ್ಯವಾದುದು. ನೀರಿನಲ್ಲಿ ನೆನೆದ ಮರಳು ಮತ್ತು ಕಲ್ಲುಪುಡಿ ಕಂಪನಕ್ಕೆ ಸಿಕ್ಕಾಗ ಕಣಕಣಗಳ ನಡುವಣ ಹಿಡಿತ ತಪ್ಪಿ, ಗಂಜಿಯಂತೆ ದ್ರವದ ನಡತೆ ತೋರುತ್ತವೆ. ಗೂಟದ ಬುಡಕ್ಕೆ ಚೆಂಬು ನೀರು ಸುರಿಯುವ ರೈತನು ಬಯಸುವುದೂ ಇದನ್ನೇ. ಆದರೆ ಅದೇ ಪುಡಿ ಒಣಗಿದ್ದರೆ ಪರಿಣಾಮವು ತಿರುವುಮುರುವಾಗಬಹುದು. ಸೇರಿನಲ್ಲಿ ರಾಗಿ ಅಳೆಯುವ ಗೃಹಿಣಿಯು ಸೇರನ್ನು ಕುಲುಕಿದರೆ ಇನ್ನೊಂದು ಹಿಡಿ ರಾಗಿ ಹಿಡಿಯುವುದನ್ನು ಎಲ್ಲರೂ ಕಂಡಿದ್ದೇವೆ. ಒಣ ಬಾವಿಯಲ್ಲಿ ಕುಲುಕಿದರೆ ಕಲ್ಲಿನ ಚೂರುಗಳೂ ಹಾಗೆಯೇ ಒತ್ತಾಗಿ ಕುಳಿತು ಪೈಪನ್ನು ಇನ್ನಷ್ಟು ಬಿಗಿಯಬಲ್ಲವು. ಆದುದರಿಂದ ನೀರಿಲ್ಲದ ಬಾವಿಗೆ ಮೊದಲು ಟ್ಯಾಂಕರಿನಿಂದ ನೀರು ತುಂಬದೆ ಕಂಪನಕ್ಕೆ ಕೈಹಾಕುವುದು ತರವಲ್ಲ.

ಎಲ್ಲಿ ಸಿಲುಕಿದೆ ಎಂಬುದನ್ನು ಅರಿಯದೆ ಬಿಡಿಸ ಹೊರಡುವುದು ಕತ್ತಲೆಯಲ್ಲಿ ಕೈಯಾಡಿಸಿದಂತೆ. ಇದಕ್ಕೆ ತೈಲಬಾವಿಯವರ ಒಂದು ಸುಲಭವಾದ ಲೆಕ್ಕವನ್ನು ನಾವೂ ಬಳಸಬಹುದು. ಉಕ್ಕು ಎಳೆದಷ್ಟೂ ಹಿಗ್ಗುವುದು. ಹಿಗ್ಗುವುದು ಸಡಿಲವಿರುವ ಭಾಗ ಮಾತ್ರ. ಸಾಧಾರಣವಾದ ಎರಡಂಗುಲದ ಜಿ.ಐ. ಪೈಪಿನಲ್ಲಿ ಲೋಹದ ವಿಸ್ತೀರ್ಣವು ಸುಮಾರು 6.4 ಚದರ ಸೆಂಟಿಮೀಟರು. ಪೈಪಿನ ಭಾರವನ್ನು ಮೊದಲು ಎತ್ತಿ ಹಿಡಿದು, ಅಲ್ಲಿ ಒಂದು ಗೆರೆ ಗುರುತು ಮಾಡಿ, ಮೇಲೆ ಇನ್ನೆರಡು ಟನ್ ಎಳೆದರೆ, ಸಡಿಲವಿರುವ ಪ್ರತಿ 100 ಮೀಟರಿಗೆ ಗುರುತು ಒಂದೂವರೆ ಸೆಂಟಿಮೀಟರಿನಷ್ಟು ಮೇಲೇರುತ್ತದೆ. ಮೂರು ಸೆಂಟಿಮೀಟರು ಏರಿತೆಂದರೆ ಹಿಡಿತವಿರುವುದು 200 ಮೀಟರಿನ ಆಸುಪಾಸಿನಲ್ಲಿ. ಚೈನ್ ಪುಲ್ಲಿಗೆ ಒಂದು ತೂಕಮಾಪಕ, ಕೈಯಲ್ಲೊಂದು ಅಡಿಪಟ್ಟಿ; ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಡ. ಮೋಟಾರು ಎತ್ತುವ ಅನುಭವಿಗಳು ಲೆಕ್ಕವಿಲ್ಲದೆಯೂ ಕೆಲವನ್ನು ತಿಳಿಯಬಲ್ಲರು. ಟೇಕಲ್ ಹೋಬಳಿಯ ಒಂದು ತೋಟದಲ್ಲಿ ನಾನು ಕಂಡ ಹಿರಿಯ ಕೆಲಸಗಾರರೊಬ್ಬರು ಪೈಪಿನ ಮೇಲೆ ಅಂಗೈ ಊರಿ, ಎಳೆಸಿ ನೋಡಿ, “ಇದು ಕಲ್ಲು ಕಚ್ಚಿರೋದು, ಮಣ್ಣಲ್ಲ ಸ್ವಾಮಿ. ಮಣ್ಣಾದ್ರೆ ಮೆತ್ತಗೆ ಬಂದು ನಿಲ್ತದೆ, ಇದು ಟಕ್ಕಂತ ನಿಲ್ತು” ಎಂದರು. ಪುಸ್ತಕದಲ್ಲಿ ಹುಡುಕಿದರೂ ಇದಕ್ಕಿಂತ ಸ್ಪಷ್ಟವಾದ ವಿವರಣೆ ನನಗೆ ಸಿಗಲಿಲ್ಲ. ಅವರು ಮೊದಲು ಮಾಡಿದ್ದು ಪೈಪನ್ನು ಮೇಲೆಳೆಯುವ ಬದಲು ಒಂದಡಿ ಕೆಳಗಿಳಿಸಿ ತಿರುಗಿಸಿದ್ದು. ಬೆಣೆಯನ್ನು ಬಿಡಿಸುವ ದಾರಿ ಅದು ಬಂದ ದಾರಿಯೇ ಎಂಬುದು ಅವರಿಗೆ ಗೊತ್ತಿತ್ತು.

ಹಾಗಾದರೆ ತೈಲಬಾವಿಯ ಈ ಕಂಪಕ ಯಂತ್ರವನ್ನು ನಮ್ಮ ಕೊಳವೆಬಾವಿಗಳಿಗೆ ತರಬಹುದೆ? ತತ್ತ್ವದಲ್ಲಿ ಅಡ್ಡಿಯಿಲ್ಲ, ಮೂರು ನಾಲ್ಕು ಕಿಲೋಮೀಟರಿನ ತೈಲಬಾವಿಗಿಂತ ನಮ್ಮ ಮುನ್ನೂರು ನಾನೂರು ಮೀಟರಿನಲ್ಲಿ ಅಲೆಯು ದಾರಿಯಲ್ಲಿ ಸೋರಿಹೋಗುವುದು ಕಡಿಮೆ. ತೊಡಕಿರುವುದು ಬೇರೆಡೆ. ತೈಲಬಾವಿಯ ಕೊಳವೆಯು ದಪ್ಪನೆಯ ಗಟ್ಟಿ ಉಕ್ಕು, ಅದರ ಕೀಲುಗಳು ಇಂತಹ ಕೆಲಸಕ್ಕೆಂದೇ ಕಡೆದವು. ನಮ್ಮ ಪಂಪಿನ ಪೈಪಿನಲ್ಲಿ ಪ್ರತಿ ಇಪ್ಪತ್ತಡಿಗೊಂದು ಮರೆಯ ಜೋಡಣೆ. ಮರೆ ಕಡೆದ ಜಾಗದಲ್ಲಿ ಲೋಹವು ಅರ್ಧಕ್ಕೆ ಇಳಿದಿರುತ್ತದೆ. ಎಷ್ಟೋ ವರ್ಷ ನೀರಿನಲ್ಲಿದ್ದು ತುಕ್ಕು ತಿಂದಿರುತ್ತದೆ. ಸೆಕೆಂಡಿಗೆ ಹನ್ನೆರಡು ಸಲ ಎಳೆದು ಬಿಟ್ಟರೆ ಸಾವಿರಾರು ಆವರ್ತನೆಗಳು ನಿಮಿಷಗಳಲ್ಲಿ ಮುಗಿಯುತ್ತವೆ. ದಣಿದ ಲೋಹವು ಮರೆಯ ಬುಡದಲ್ಲಿ ಮುರಿಯುತ್ತದೆ, ಇಲ್ಲವೆ ಮರೆಯೇ ಸಡಿಲಗೊಂಡು ಬಿಚ್ಚಿಕೊಳ್ಳುತ್ತದೆ. ಈಚೆಗೆ ಬಳಕೆಗೆ ಬಂದ ಪ್ಲಾಸ್ಟಿಕ್ ಪೈಪುಗಳಲ್ಲಂತೂ ಈ ವಿಧಾನಕ್ಕೆ ಎಡೆಯೇ ಇಲ್ಲ; ಮೇಲೆ ಕೊಟ್ಟ ಕಂಪನವನ್ನು ಅವು ದಾರಿಯಲ್ಲೇ ನುಂಗಿಬಿಡುತ್ತವೆ. ಕೊರೆಯುವಾಗ ಸಿಲುಕಿದ ರಾಡುಗಳ ವಿಷಯ ಬೇರೆ. ಅವು ಗಟ್ಟಿ ಉಕ್ಕಿನವು, ಬೆಲೆಬಾಳುವವು, ಒತ್ತುಗಾಳಿಯನ್ನು ಒಳಗೆ ಊದಿ ಪುಡಿಯನ್ನು ಹೊರಹಾಕುವ ಸೌಕರ್ಯವೂ ಕೂಡಿಬಂದಿರುವಂಥವು. ನನ್ನ ಅಭಿಪ್ರಾಯದಲ್ಲಿ ಕಂಪಕವನ್ನು ಮೊದಲು ಪ್ರಯೋಗಿಸಿ ನೋಡಬೇಕಾದುದು ಇಲ್ಲಿಯೇ. ಪಂಪಿನ ಪೈಪಿಗಾದರೆ ಒಂದೆರಡು ಟನ್ನಿನೊಳಗಿನ ಮೃದುವಾದ ಕಂಪನ, ಬಾವಿಯ ತುಂಬ ನೀರು, ಮತ್ತು ಗಂಟೆಗಟ್ಟಲೆಯ ತಾಳ್ಮೆ, ಇವು ಮೂರೂ ಕೂಡಿದರೆ ಮಾತ್ರ ಫಲವನ್ನು ನಿರೀಕ್ಷಿಸಬಹುದು.

ಇದಕ್ಕೆ ಬೇಕಾದ ಪ್ರಯೋಗಗಳು ನಮ್ಮ ಜಿಲ್ಲೆಗೆ ಅಪರಿಚಿತವಾದ ವಿದ್ಯೆಯೇನೂ ಅಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯು ಆರಂಭಿಸಿ 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯು ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದಿತ್ತು. ಗಟ್ಟಿ ಬಂಡೆಯ ನಡತೆಯನ್ನು ಅಷ್ಟು ಆಳದಲ್ಲಿ ಕಣ್ಣಾರೆ ಕಂಡವರು ಜಗತ್ತಿನಲ್ಲೇ ವಿರಳ. ರಾಷ್ಟ್ರೀಯ ಶಿಲಾಬಲವಿಜ್ಞಾನ ಸಂಸ್ಥೆಯು 1988ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ಕೊಳವೆಬಾವಿಯ ಕೊರೆತವು ಇಷ್ಟು ವ್ಯಾಪಕವಾಗಿರುವ ಜಿಲ್ಲೆಯಲ್ಲಿ, ಪಾಳುಬಿದ್ದ ಬಾವಿಗಳಲ್ಲಿ ಹತ್ತಾರನ್ನು ಆರಿಸಿಕೊಂಡು ಬೇರೆ ಬೇರೆ ಲಯದಲ್ಲಿ, ನೀರು ತುಂಬಿಯೂ ತುಂಬದೆಯೂ ಪರೀಕ್ಷಿಸಿ ಫಲಿತಾಂಶವನ್ನು ಬರೆದಿಟ್ಟರೆ, ಅದಕ್ಕೆ ತಗಲುವ ವೆಚ್ಚವು ಹೊಸದಾಗಿ ಕೊರೆಸುವ ಕೆಲವೇ ಬಾವಿಗಳ ವೆಚ್ಚವನ್ನು ಮೀರದು. ಇಂಜಿನಿಯರಿಂಗ್ ಕಾಲೇಜು ಸೇರಿದ ನಮ್ಮ ಹಳೆಯ ವಿದ್ಯಾರ್ಥಿಗಳು ಪದವಿಯ ಕೊನೆಯ ವರ್ಷದ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ, ಇಲ್ಲಿ ಒಂದಿದೆ.

ಅಲ್ಲಿಯವರೆಗೆ ಸಿಲುಕದಂತೆ ನೋಡಿಕೊಳ್ಳುವುದೇ ಕೈಲಿರುವ ಉಪಾಯ. ಕೇಸಿಂಗನ್ನು ಗಟ್ಟಿ ಬಂಡೆಯೊಳಗೆ ಕೆಲವಡಿಯಾದರೂ ಕೂರಿಸಬೇಕು. ಕೆಲವಡಿಯ ಪೈಪಿನ ಹಣ ಉಳಿಸಲು ಹೋಗಿ ಬಾವಿಯನ್ನೇ ಕಳೆದುಕೊಂಡವರಿದ್ದಾರೆ. ಮೋಟಾರನ್ನು ತಳಕ್ಕೆ ಮುಟ್ಟಿಸದೆ, ಚೂರು ಬಿದ್ದು ಕೂರಲು ಕೆಳಗೆ ಜಾಗ ಬಿಡಬೇಕು. ಕೇಬಲ್ಲನ್ನು ಪೈಪಿಗೆ ಅಲ್ಲಲ್ಲಿ ಬಿಗಿಯಬೇಕು. ಎಷ್ಟಡಿ ಕೇಸಿಂಗ್, ಎಷ್ಟಡಿಯಲ್ಲಿ ಬಿರುಕು, ಎಷ್ಟಡಿಯಲ್ಲಿ ನೀರು, ಎಷ್ಟು ಪೈಪು ಇಳಿದಿದೆ ಎಂಬುದನ್ನು ಕೊರೆದ ದಿನವೇ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಹತ್ತು ವರ್ಷದ ಮೇಲೆ ಬಿಡಿಸಲು ಬರುವವನಿಗೆ ಆ ಒಂದು ಪುಟವೇ ಕಣ್ಣು. ಎಳೆಯುವಾಗ ಹಗ್ಗವೋ ಪೈಪೋ ತುಂಡಾದರೆ ಅದು ಹಿಮ್ಮೆಟ್ಟುವ ರಭಸವು ಪ್ರಾಣಾಂತಿಕವಾದುದರಿಂದ, ನೋಡಲು ಸೇರುವ ಜನರನ್ನು, ವಿಶೇಷವಾಗಿ ಮಕ್ಕಳನ್ನು, ದೂರವಿಡಬೇಕು.

ಎಷ್ಟು ಯತ್ನಿಸಿದರೂ ಬಾರದಿದ್ದಲ್ಲಿ ಸಡಿಲವಿರುವ ಭಾಗವನ್ನು ಬಿಚ್ಚಿ ತೆಗೆದು, ಉಳಿದುದರ ಅಳತೆಯನ್ನು ಬರೆದಿಟ್ಟು, ಬಾವಿಯನ್ನು ಮುಚ್ಚಬೇಕಾಗುತ್ತದೆ. ತೆರೆದ ಕೊಳವೆಬಾವಿಗಳಿಗೆ ಎಳೆಯ ಮಕ್ಕಳು ಬಿದ್ದ ದುರಂತಗಳನ್ನು ಕಂಡು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನಿಯಮಗಳನ್ನು ವಿಧಿಸಿದೆ. ಅದರಂತೆ ಕೈಬಿಟ್ಟ ಬಾವಿಯನ್ನು ಜೇಡಿ, ಮರಳು, ಕಲ್ಲು ಅಥವಾ ಕೊರೆತದ ಪುಡಿಯಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಬಳಕೆಯಲ್ಲಿರುವ ಬಾವಿಯ ಕೇಸಿಂಗಿನ ಸುತ್ತ ಅರ್ಧ ಮೀಟರು ಚೌಕದ ಕಾಂಕ್ರೀಟು ಕಟ್ಟೆ ಇರಬೇಕು. ಬಾಯಿಗೆ ಉಕ್ಕಿನ ತಗಡನ್ನು ಬೆಸೆಯಬೇಕು, ಇಲ್ಲವೆ ಬೋಲ್ಟು ಬಿಗಿದ ಮುಚ್ಚಳ ಹಾಕಬೇಕು. ದುರಸ್ತಿಗಾಗಿ ಮೋಟಾರನ್ನು ಎತ್ತಿದ ಬಾವಿಯನ್ನು ಸಹ ತೆರೆದು ಬಿಡಕೂಡದೆಂದು ಅದೇ ನಿಯಮವು ಹೇಳುತ್ತದೆ. ಪೈಪು ಬಿಡಿಸುವ ಕೆಲಸವು ಎರಡು ಮೂರು ದಿನ ನಡೆಯುವುದು ವಾಡಿಕೆಯಾದುದರಿಂದ, ಸಂಜೆ ಕೆಲಸ ನಿಲ್ಲಿಸಿ ಹೊರಡುವ ಮುನ್ನ ಬಾಯಿಗೆ ಮುಚ್ಚಳ ಬಿಗಿದಿದೆಯೆ ಎಂದು ತೋಟದ ಒಡೆಯರೇ ನಿಂತು ನೋಡತಕ್ಕದ್ದು.